ಮಾಳವ್ವನ ಮೊಸಳೆ, ನನ್ನ ಕುರಿ

ಆಗೆಲ್ಲ ನಮ್ಮ ಸಾಲಿಗೆ ಹುಡುಗರಿಗಿಂತ ಮೊದಲು ಪ್ರಾಣಿಗಳು ಬಂದು ಕೂತಿರುತ್ತಿದ್ದವು. ಕಿಟಕಿಯಲ್ಲಿ ಎಮ್ಮೆ ಮೂತಿ ಇಡುತ್ತಿತ್ತು; ಕುರಿಹಿಕ್ಕೆ ತುಳಿಯದೆ ಪ್ರಾರ್ಥನೆಗೆ ನಿಲ್ಲಲು ಆಗುತ್ತಿರಲಿಲ್ಲ. ಹುನಗುಂದದ ಕಡೆ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನ ತರಗತಿಯಲ್ಲಿ ಮಾಳವ್ವ ಇದ್ದಳು. ಅವರಪ್ಪನದು ಕುರಿ ಕಾಯುವ ಕೆಲಸ. ಅವಳು ಪಕ್ಕ ಕೂತರೆ ಕಂಬಳಿಯ ವಾಸನೆ, ಎದ್ದು ಮಾತಾಡಿದರೆ ನನಗೆ ಹೊಟ್ಟೆ ಉರಿ. ನಾನು ರಾತ್ರಿಯೆಲ್ಲ ಬಾಯಿಪಾಠ ಮಾಡಿ ಕೈ ಎತ್ತಿದರೂ ಮಾಸ್ತರು, "ಮಾಳವ್ವ, ನೀ ಹೇಳವ್ವಾ" ಎನ್ನುತ್ತಿದ್ದರು. ಅವಳು ಕಂಡದ್ದನ್ನು ಹೇಳುತ್ತಿದ್ದಳು, ಅಷ್ಟೇ.

ಆರನೆಯ ತರಗತಿ, ಎಳ್ಳಮವಾಸ್ಯೆ ಮುಗಿದ ವಾರ. ಹುನಗುಂದದಲ್ಲಿ ತಾಲೂಕಿನ ಭಾಷಣ ಸ್ಪರ್ಧೆಯಿತ್ತು. ನಮ್ಮ ಸಾಲಿಯಿಂದ ಒಬ್ಬರಿಗೇ ಜಾಗ. ಮಾಸ್ತರು ಚೀಟಿ ಹಂಚಿದರು. ಬಕಧ್ಯಾನ, ಕತ್ತೆದುಡಿತ, ನರಿಬುದ್ಧಿ, ಹೀಗೆ ಒಂದೊಂದರಲ್ಲಿ ಒಂದೊಂದು ಮಾತು.

"ಈ ಮಾತು ಯಾಕ ಹುಟ್ಟಿತು, ಅರ್ಥ ಏನು, ನಾಳೆ ಹೇಳ್ರಿ. ಚಲೋ ಹೇಳಿದವರು ಹುನಗುಂದಕ್ಕ."

ನನಗೆ ಬಂದದ್ದು ಮೊಸಳೆ ಕಣ್ಣೀರು. ಮಾಳವ್ವನಿಗೆ ಕುರಿಮಂದೆ! ಕುರಿಯ ಬಗ್ಗೆ ಅವಳು ಬಾಯಿ ತೆರೆದರೆ ನನ್ನ ಕಥೆ ಮುಗಿಯಿತು. ಬಿಡುವಿನಲ್ಲಿ ಅವಳನ್ನು ಹಿಡಿದೆ.

"ಮಾಳೀ, ಚೀಟಿ ಬದ್ಲಿ ಮಾಡ್ಕೊಳ್ಳೋಣೇನ? ಮ್ಯಾಲ ಒಂದ ಶೇಂಗಾ ಹೋಳಿಗಿ ಕೊಡ್ತೇನಿ."

"ಎರಡ ಕೊಡು."

"ಒಂದೂವರಿ."

"ಹೂಂ, ತಾ."

ಈಗ ನನ್ನದು ಇಳಕಲ್ಲಿನಲ್ಲಿ ಸೀರೆ ಅಂಗಡಿ. ವ್ಯಾಪಾರಕ್ಕಿಳಿಯುವ ಹೊಸಬರಿಗೆ ಒಂದು ಮಾತು ಹೇಳುತ್ತೇನೆ, ನೀವೂ ಕೇಳ್ರಿ: ಎದುರಿನವರು ತಟ್ಟನೆ ಒಪ್ಪಿದರೆ ಕೈ ಹಿಂದಕ್ಕೆ ತಗೊಳ್ರಿ. ನಿಮಗೆ ಕಾಣದ ಸರಕು ಅವರ ಹತ್ತಿರ ಇರುತ್ತದೆ. ಅವತ್ತು ನನಗೆ ಇದು ಹೊಳೆಯಲಿಲ್ಲ.

ಮರುದಿನ ನಾನೇ ಮೊದಲು ಎದ್ದೆ. "ಕುರಿಗೆ ಬುದ್ಧಿ ಇಲ್ಲ. ಒಂದು ಹೋದ ಕಡೆ ಎಲ್ಲವೂ ಹೋಗುತ್ತವೆ. ಹಾಗೆ ನಡೆಯುವ ಜನರಿಗೆ ಕುರಿಮಂದೆ ಎನ್ನುತ್ತಾರೆ."

"ಮಟಮಟ ಮಧ್ಯಾಹ್ನ ತಲಿ ತಗ್ಗಿಸಿ ಒತ್ತಿಕೊಂಡು ನಿಲ್ತಾವಲ್ಲ, ಅದ್ಯಾಕಪಾ?" ಎಂದರು ಮಾಸ್ತರು.

"ಬುದ್ಧಿ ಇಲ್ಲಲ್ರಿ ಸರ, ಅದಕ್ಕ."

ಮಾಳವ್ವ ಕೂತಲ್ಲಿಂದಲೇ ಕೂಗಿದಳು. "ಬುದ್ಧಿ ಇಲ್ಲದ್ದು ನಿನಗ! ಒಂದರ ಹೊಟ್ಟಿ ನೆರಳಾಗ ಇನ್ನೊಂದು ತಲಿ ಇಡ್ತೈತಿ. ಬಯಲಾಗ ಅವಕ್ಕ ಗಿಡದ ನೆರಳು ನಿಮ್ಮಪ್ಪ ತಂದು ಕೊಡ್ತಾನೇನ?"

ತರಗತಿಯೆಲ್ಲ ನಕ್ಕಿತು. ಆಮೇಲೆ ಅವಳ ಸರದಿ.

"ಬ್ಯಾಸಗ್ಯಾಗ ಕುರಿ ಹೊಡ್ಕೊಂಡು ಕೃಷ್ಣಾ ಹೊಳಿಗೆ ಹೋಗ್ತೇವ್ರಿ. ದಂಡಿ ಮ್ಯಾಲ ಮೊಸಳಿ ಬಿಸಿಲು ಕಾಸ್ತಿತ್ತು. ಕಣ್ಣಾಗ ನೀರು. 'ಪಾಪ' ಅಂತ ಮುಂದ ಹೋದೆ. ಅಪ್ಪ ರಟ್ಟಿ ಹಿಡಿದು ಎಳದ. 'ಅದು ಅಳಾಕತ್ತಿಲ್ಲವ್ವಾ, ಕಣ್ಣು ಒಣಗಬಾರ್ದಂತ ನೀರು ಬರ್ತಾವ. ನಮ್ಮ ಮರಿ ತಿನ್ನಾಗೂ ಹಿಂಗ ಬಂದಿದ್ವು' ಅಂದ. ಅದಕ್ರಿ, ನುಂಗಿ ಮ್ಯಾಲ ಅಳವರ ನೀರಿಗೆ ಮೊಸಳಿ ಕಣ್ಣೀರು ಅಂತಾರ."

ಮಾಸ್ತರು ಅವಳ ಹೆಸರನ್ನೇ ಬರೆದುಕೊಂಡರು. ಹುನಗುಂದದ ಬಸ್ಸಿನ ಕಿಟಕಿಯಲ್ಲಿ ಅವಳು ಕೂತಳು. ನಾನು ಧೂಳಿನಲ್ಲಿ ನಿಂತೆ.

ಎರಡನೆಯ ಬಹುಮಾನದ ಸ್ಟೀಲ್ ಡಬ್ಬಿ ತಂದವಳು ಮೊದಲು ತೋರಿಸಿದ್ದು ನನಗೆ. "ಬ್ಯಾಸಗಿ ಸೂಟಿಯೊಳಗ ನಮ್ಮ ಜೋಡಿ ಹೊಳಿಗೆ ಬಾ. ಮೊಸಳಿ ತೋರಸ್ತೇನಿ."

ಹೋಗಲು ಜೀವ ಹಾತೊರೆಯಿತು. ಆದರೆ ಆ ಡಬ್ಬಿ ಕಣ್ಣು ಚುಚ್ಚುತ್ತಿತ್ತು. "ನನಗ ಬ್ಯಾರೆ ಕೆಲಸ ಐತಿ" ಎಂದೆ. ಯಾವ ಕೆಲಸವೂ ಇರಲಿಲ್ಲ. ಸೂಟಿಯೆಲ್ಲ ಒಬ್ಬನೇ ಗೋಲಿ ಆಡಿದೆ. ಜೂನಿನಲ್ಲಿ ಸಾಲಿ ತೆರೆದಾಗ ಅವಳು ಅಜ್ಜಿಯ ಊರಿನ ಸಾಲಿಗೆ ಸೇರಿದ್ದಳು.

ಈಗ ನನ್ನ ಮಗಳು ಮೊಬೈಲ್ ನೋಡಿ ಇಂಥ ಇಪ್ಪತ್ತು ಮಾತುಗಳ ಅರ್ಥ ಪಟಪಟ ಒಪ್ಪಿಸುತ್ತಾಳೆ. ಭೇಷ್ ಅನ್ನುತ್ತೇನೆ. ಆದರೂ ನನಗೆ ಹೊಟ್ಟೆ ಉರಿಯುವುದು ಕಂಡು ಹೇಳಿದ ಮಾಳವ್ವನ ಮೇಲೆಯೇ. ಹೊಳೆ ಇಲ್ಲಿಂದ ದೂರವೇನಲ್ಲ. ಎರಡು ಸಲ ಕಾರು ತಗೊಂಡು ಹೋಗಿ ದಂಡೆಯಲ್ಲಿ ನಿಂತು ಬಂದಿದ್ದೇನೆ. ನೀರು ಕಂಡಿತು, ಮೊಸಳೆ ಕಾಣಲಿಲ್ಲ. ಎಲ್ಲಿ ನೋಡಬೇಕೆಂದು ರಟ್ಟೆ ಹಿಡಿದು ತೋರಿಸುವವರು ಜೊತೆಗಿರಲಿಲ್ಲ.