ಕೆಳಗಿನ ಖಾನೆಯ ತೇಪೆ

ಆಫೀಸಿನಲ್ಲಿ ಅವಳಿಗೆ ‘ಜರಡಿ’ ಎಂದು ಹೆಸರಿಟ್ಟವರು ಅದನ್ನು ಬೈಗುಳವಾಗಿಯೇ ಇಟ್ಟದ್ದು. ಅವಳು ಬಿರುದೆಂದು ತೆಗೆದುಕೊಂಡಳು. ಬೇರೆಯವರು ಬರೆದ ಸಾಫ್ಟ್‌ವೇರನ್ನು ಸೋಸಿ, ಕಳ್ಳ ಎಲ್ಲಿಂದ ನುಸುಳಬಹುದು ಎಂದು ಹುಡುಕಿ ಹೇಳುವುದು ಅವಳ ಕೆಲಸ. ಲಿಫ್ಟು ಹತ್ತಿದರೆ ಮೂರು ಗುಂಡಿ ಒಟ್ಟಿಗೆ ಒತ್ತಿ ನೋಡುವ ಹೆಂಗಸು. ಯಾವುದಾದರೂ ಅರ್ಜಿಯಲ್ಲಿ ವಯಸ್ಸು ಮೈನಸ್ ನಾಲ್ಕು ಎಂದು ಬರೆದು, ಯಂತ್ರ ಅದನ್ನು ಒಪ್ಪಿಕೊಂಡರೆ ಹೊಟ್ಟೆ ತುಂಬ ಊಟ ಮಾಡಿದಷ್ಟು ತೃಪ್ತಿ ಪಡುವವಳು. ಮದುವೆಯಾದ ಹೊಸದರಲ್ಲಿ ಗಂಡ ಪ್ರೀತಿ ಉಕ್ಕಿ, "ನನ್ನಲ್ಲೇನಾದ್ರೂ ದೋಷ ಇದೆಯಾ?" ಎಂದು ಕೇಳಿ ಹನ್ನೊಂದು ಅಂಶಗಳ ಪಟ್ಟಿಯನ್ನು ಪಡೆದಿದ್ದ. ಅವುಗಳಲ್ಲಿ ಈವರೆಗೆ ನಾಲ್ಕನ್ನು ಮಾತ್ರ ಸರಿಪಡಿಸಲಾಗಿದೆ.

ಇಂಥವಳು ಏಳು ವರ್ಷ ಒಬ್ಬ ಮನುಷ್ಯನ ಮೇಲೆ ಹಲ್ಲು ಮಸೆದಳು. ಹಾವಿನ ದ್ವೇಷ ಹನ್ನೆರಡು ವರುಷ ಎನ್ನುತ್ತಾರೆ. ಹಾವಿಗೆ ಬಿಡುವು ಜಾಸ್ತಿ.

ಆ ಮನುಷ್ಯ ಅವಳ ಹಳೆಯ ಕಂಪನಿಯ ಮ್ಯಾನೇಜರು. ಯಾವ ಕಾಗದ ಮುಂದಿಟ್ಟರೂ ಓದದೆ "ಓಕೆ, ಓಕೆ" ಎಂದು ಸಹಿ ಹಾಕುತ್ತಿದ್ದುದರಿಂದ ಎಲ್ಲರಿಗೂ ಓಕೆ ಸಾಹೇಬರು. ಕಂಪನಿ ಮಾಡುತ್ತಿದ್ದುದು ಆಸ್ಪತ್ರೆಯ ವಾರ್ಡಿನಲ್ಲಿಡುವ ಔಷಧದ ಕಪಾಟು. ನರ್ಸು ತನ್ನ ಕಾರ್ಡು ತೋರಿಸಬೇಕು. ಕಪಾಟು ಆಸ್ಪತ್ರೆಯ ದೊಡ್ಡ ಕಂಪ್ಯೂಟರನ್ನು ‘ಇವರಿಗೆ ತೆರೆಯಲೇ?’ ಎಂದು ಕೇಳಬೇಕು. ಅದು ಹೂಂ ಅಂದರೆ ಬೀಗ ತೆರೆಯಬೇಕು. ಮೇಲಿನ ಖಾನೆಯಲ್ಲಿ ಜ್ವರದ ಮಾತ್ರೆ. ಕೆಳಗಿನ ಖಾನೆಯಲ್ಲಿ ಲೆಕ್ಕ ಹಾಕಿ ಕೊಡಬೇಕಾದ ಬಲವಾದ ನೋವಿನ ಔಷಧ.

ಒಂದು ಮಂಗಳವಾರ ಜರಡಿ ಕಪಾಟಿನ ಹಿಂದಿನ ತಂತಿ ಕಿತ್ತು, ತನ್ನ ಲೈಬ್ರರಿ ಕಾರ್ಡು ತೋರಿಸಿದಳು. ಕಪಾಟು ಕೇಳಿತು. ಉತ್ತರ ಬರಲಿಲ್ಲ. ಕೆಳಗಿನ ಖಾನೆ ತೆರೆದುಕೊಂಡಿತು. ಮೌನಂ ಸಮ್ಮತಿ ಲಕ್ಷಣಂ ಎಂದು ಯಾರೋ ಅದಕ್ಕೂ ಹೇಳಿಕೊಟ್ಟಿದ್ದರು.

ಅವಳು ‘ಪರೀಕ್ಷೆ ವಿಫಲ’ ಎಂದು ಬರೆದು ಸಾಹೇಬರ ಮುಂದೆ ನಿಂತಳು.

"ಆಸ್ಪತ್ರೇಲಿ ತಂತಿ ಯಾರಮ್ಮಾ ಕೀಳ್ತಾರೆ?"

"ಕಳ್ಳ ಕೀಳ್ತಾನೆ ಸಾರ್."

"ಕಳ್ಳನಿಗೆ ಅಷ್ಟು ಬುದ್ಧಿ ಇದ್ದಿದ್ರೆ ನಮ್ಮಲ್ಲೇ ಕೆಲಸಕ್ಕೆ ಸೇರ್ತಿದ್ದ ಬಿಡು."

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಕಪಾಟು ಮಾರಾಟಕ್ಕೆ ಹೋಯಿತು.

ಐದು ತಿಂಗಳಿಗೆ ಒಂದು ಆಸ್ಪತ್ರೆಯಲ್ಲಿ ಕೆಳಗಿನ ಖಾನೆ ಬರಿದಾಗಿತ್ತು. ಆ ಹೊತ್ತಿಗೆ ವಾರ್ಡಿನಲ್ಲಿದ್ದ ನರ್ಸು ಬೇರೆ ಯಾರೂ ಅಲ್ಲ, ಜರಡಿಯ ನಾದಿನಿ, ಗಂಡನ ಒಬ್ಬಳೇ ತಂಗಿ. ವಿಚಾರಣೆಗೆ ಕೂತ ಮೂವರು ಕಂಪನಿಯಿಂದ ಪರೀಕ್ಷೆಯ ದಾಖಲೆ ತರಿಸಿದರು. ಅದರಲ್ಲಿ ‘ಯಶಸ್ವಿ’ ಎಂದಿತ್ತು. ಕೆಳಗೆ ಪರೀಕ್ಷಕಿಯ ಜಾಗದಲ್ಲಿ ಜರಡಿಯ ಹೆಸರಿತ್ತು. ಬೀಗ ಸರಿಯಾಗಿದ್ದರೆ ನರ್ಸೇ ಕಳ್ಳಿ ಎಂಬುದು ವಿಚಾರಣೆಯ ತರ್ಕ. ನಾದಿನಿಯ ಕೆಲಸ ಹೋಯಿತು. "ನಾನು ವಿಫಲ ಅಂತಲೇ ಬರೆದಿದ್ದೆ" ಎಂದು ಕೂಗಾಡಿದ ಜರಡಿಯನ್ನು, ನೆಂಟರನ್ನು ಉಳಿಸಲು ಸುಳ್ಳು ಹೇಳುತ್ತಾಳೆ ಎಂದು ಕಂಪನಿ ಹೊರಗೆ ಹಾಕಿತು.

ನಾದಿನಿ ಮನೆಗೆ ಬಂದಳು. ಕೂತುಕೊಳ್ಳಲಿಲ್ಲ.

"ಅತ್ತಿಗೆ, ಪಾಸು ಅಂತ ಬರೆದಿದ್ದು ನೀನಾ?"

"ಅಲ್ಲ ಕಣೇ."

"ಹಾಗಾದ್ರೆ ಕಾಗದ ಸುಳ್ಳು ಹೇಳುತ್ತಾ?"

"ಯಾರೋ ಹೇಳಿಸಿದಾರೆ."

"ಯಾರು? ತೋರಿಸು."

ತೋರಿಸಲು ಏನೂ ಇರಲಿಲ್ಲ. ನಾದಿನಿ ಮೆಟ್ಟಿಲಿಳಿದು ಹೋದವಳು ಏಳು ವರ್ಷ ಮಾತು ಬಿಟ್ಟಳು. ಗಂಡ ಇಬ್ಬರ ನಡುವೆ ಸಿಕ್ಕಿ, "ಕೆಲಸದ ಗಡಿಬಿಡೀಲಿ ನೀನೇ ಮರೆತು ಬರೆದಿರಬಹುದಲ್ವೇನೇ?" ಎಂದು ಒಮ್ಮೆ ಕೇಳಿದ. ಆವತ್ತು ಪಟ್ಟಿಗೆ ಹನ್ನೆರಡನೆಯ ದೋಷ ಸೇರಿತು.

ಮೂರು ವರ್ಷ ಯಾರೂ ಅವಳಿಗೆ ಪರೀಕ್ಷೆಯ ಕೆಲಸ ಕೊಡಲಿಲ್ಲ. ಪ್ರಿಂಟರ್ ರಿಪೇರಿ ಅಂಗಡಿಯಲ್ಲಿ ಕೂತು ಬೆರಳಿಗೆ ಮಸಿ ಮೆತ್ತಿಕೊಂಡಳು. ಆಮೇಲೆ ಒಂದು ಸಣ್ಣ ಲ್ಯಾಬು ಕರೆಯಿತು. ಟೈರಿನಂಗಡಿಯ ಮೇಲೆ ಎರಡು ಕೋಣೆ. ಬೇಸಿಗೆಯಲ್ಲಿ ರಬ್ಬರಿನ ನಾತ, ಮಿಕ್ಕ ಕಾಲದಲ್ಲಿ ರಬ್ಬರಿನ ನಾತ ಮತ್ತು ತಣ್ಣನೆ ಗಾಳಿ. ಆಸ್ಪತ್ರೆಗಳೆಲ್ಲ ಸೇರಿ ನಡೆಸುವ ಲ್ಯಾಬು ಅದು. ಅಲ್ಲಿ ಒಪ್ಪಿಗೆಯಾಗದ ಯಂತ್ರವನ್ನು ಯಾವ ಆಸ್ಪತ್ರೆಯೂ ಕೊಳ್ಳುವುದಿಲ್ಲ. ಕಂಪನಿಯವರು ಕಾಟ ಕೊಡಬಾರದೆಂದು ಪರೀಕ್ಷಕರಿಗೆ ಹೆಸರಿಲ್ಲ, ಬರೀ ಸಂಖ್ಯೆ. ಜರಡಿ ಆರನೆಯವಳು.

ಅಲ್ಲಿಗೆ ಒಂದು ಬೆಳಿಗ್ಗೆ ಹಳೆಯ ಕಂಪನಿಯ ಹೊಸ ಕಪಾಟು ಬಂತು. ನಾಲ್ಕು ಜನ ಅದನ್ನು ಮೆಟ್ಟಿಲ ಮೇಲೆ ಹೊತ್ತು ತಂದರು, ಲಿಫ್ಟು ಕೆಟ್ಟಿತ್ತು. ಯಾಕೆ ಕೆಟ್ಟಿತ್ತೆಂದು ಕೇಳಬೇಡಿ.

ಲ್ಯಾಬಿನ ಯಜಮಾನಿ ಕನ್ನಡಕ ಹಣೆಗೇರಿಸಿ, "ನಿನಗೂ ಅವರಿಗೂ ಹಳೇ ಜಗಳ ಇದೆ ತಾನೆ? ಬೇರೆಯವರಿಗೆ ಕೊಡ್ಲಾ?" ಎಂದಳು.

"ಕೊಡಿ. ಅವರು ಬಿಟ್ಟಿದ್ದನ್ನ ನಾನು ಹುಡುಕ್ತೀನಿ. ಪಾಪ, ಅವರಿಗೆ ಯಾಕೆ ಅವಮಾನ?"

"ಸರಿ ಮಾರಾಯ್ತಿ, ನೀನೇ ಮಾಡು. ಆದ್ರೆ ನೀನು ಬರೆದಿದ್ದನ್ನೆಲ್ಲ ನಾಲ್ಕನೆಯವನು ತಿರುಗಿ ಮಾಡಿ ನೋಡ್ತಾನೆ."

ಜರಡಿ ಕಪಾಟಿನ ಹಿಂದೆ ಕೈ ಹಾಕಿ ತಂತಿ ಕಿತ್ತಳು. ಕಾರ್ಡು ತೋರಿಸಿದಳು. ಖಾನೆ ತೆರೆದುಕೊಂಡಿತು. ಹೊಸ ಬಣ್ಣ, ಹೊಸ ಹಿಡಿಕೆ, ಅದೇ ತೂತು.

ಇಲ್ಲಿ ಲ್ಯಾಬಿನ ಒಂದು ನಿಯಮ ಹೇಳಬೇಕು. ತೂತು ಸಿಕ್ಕಿದರೆ ಅದನ್ನು ಕಂಪನಿಗೆ ಮಾತ್ರ ಗುಟ್ಟಾಗಿ ತಿಳಿಸಬೇಕು. ಮುಚ್ಚುವ ಮೊದಲೇ ಊರಿಗೆ ಹೇಳಿದರೆ ಕಳ್ಳರಿಗೆ ಆಮಂತ್ರಣ ಕೊಟ್ಟಂತೆ. ಕಂಪನಿಗೆ ತೊಂಬತ್ತು ದಿನ. ಅಷ್ಟರೊಳಗೆ ತೇಪೆ ಗಟ್ಟಿಯಾದರೆ, ತೂತಿನ ಪೂರ್ತಿ ಚರಿತ್ರೆಯ ಸಮೇತ ವರದಿ ಎಲ್ಲ ಆಸ್ಪತ್ರೆಗಳಿಗೂ ಹೋಗುತ್ತದೆ. ಆಗದಿದ್ದರೆ ಯಂತ್ರ ವಾಪಸ್ಸು, ಫೈಲು ಮೊಹರು ಬಿದ್ದು ಲ್ಯಾಬಿನ ಕಪಾಟು ಸೇರುತ್ತದೆ. ಆ ಕಪಾಟು ಮಾತ್ರ ಯಾವ ಕಾರ್ಡಿಗೂ ತೆರೆಯುವುದಿಲ್ಲ.

ಮೊದಮೊದಲು ಜರಡಿಗೆ ಬೇಕಾದದ್ದು ಫೇಲು ಮಾಡುವುದಷ್ಟೆ. ಕಂಪನಿ ಅದಕ್ಕೆ ಧಾರಾಳವಾಗಿ ಸಹಕರಿಸಿತು. ಮೊದಲ ತೇಪೆಯ ನಂತರ ತಂತಿ ಕಿತ್ತರೆ ಕಪಾಟು ‘ಸಂಪರ್ಕವಿಲ್ಲ, ಕ್ಷಮಿಸಿ’ ಎಂದು ತೋರಿಸಿ, ಮರ್ಯಾದೆಯಿಂದ ತೆರೆಯಿತು. ಎರಡನೆಯದರಲ್ಲಿ ತಂತಿ ಕಿತ್ತರೆ ತೆರೆಯಲಿಲ್ಲ, ದೊಡ್ಡ ಕಂಪ್ಯೂಟರು ಉತ್ತರಿಸಲು ತಡಮಾಡಿದರೆ ತೆರೆಯಿತು. ಮೂರನೆಯದು ಮೇಲಿನ ಖಾನೆಯಲ್ಲಿ ಬಂದೋಬಸ್ತಾಗಿತ್ತು. ಕೆಳಗಿನ ಖಾನೆಗೆ ತೇಪೆಯೇ ತಲುಪಿರಲಿಲ್ಲ. ಪ್ರತಿ ಸಲ ಅವಳು ‘ವಿಫಲ’ ಎಂದು ಬರೆಯುವಾಗ ಗುನುಗುತ್ತಿದ್ದಳು. ಸಾಫ್ಟ್‌ವೇರಿನ ದೋಷಕ್ಕೆ ಬಗ್ ಎಂದು ಹೆಸರು. ಬಗ್ ಹಿಡಿಯುವವಳು ಬಗ್ಗುವುದಿಲ್ಲ ಎಂದು ನಾಲ್ಕನೆಯವನು ಹಿಂದಿನಿಂದ ಹಾಸ್ಯ ಮಾಡುತ್ತಿದ್ದ.

ಕೆಳಗಿನ ಖಾನೆಗೆ ಬೇರೆ, ಹಳೆಯ ಕಪಾಟಿನದೇ ಸಾಫ್ಟ್‌ವೇರು ಯಾಕಿದೆ ಎಂದು ತಿಳಿಯಲು ಅದರ ಹುಟ್ಟಿನಿಂದ ಇಲ್ಲಿವರೆಗಿನ ದಾಖಲೆ ಕೊಡಿ ಎಂದು ಲ್ಯಾಬು ಬರೆಯಿತು. ಕಂಪನಿಯಲ್ಲಿ ಆ ಪತ್ರ ಓಕೆ ಸಾಹೇಬರ ಮೇಜಿಗೆ ಹೋಯಿತು. ಅವರು ಏನು ಮಾಡಿದರೆಂದು ಹೇಳಬೇಕಾಗಿಲ್ಲ. ಮರುದಿನವೇ ಎಲ್ಲ ಬಂತು, ಎಲ್ಲವೂ.

ಕಂಪ್ಯೂಟರಿನೊಳಗೆ ಲಾಗ್ ಎಂಬುದೊಂದಿರುತ್ತದೆ. ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬುದನ್ನೆಲ್ಲ ತನ್ನಷ್ಟಕ್ಕೆ ಬರೆದಿಟ್ಟುಕೊಳ್ಳುತ್ತದೆ. ಮನುಷ್ಯ ಎಷ್ಟು ಲಾಗ ಹಾಕಿದರೂ ಲಾಗ್ ಅಳಿಯುವುದಿಲ್ಲ. ಏಳು ವರ್ಷದ ಹಿಂದಿನ ಆ ಮಂಗಳವಾರ ‘ವಿಫಲ’ ಎಂದು ಬರೆದದ್ದು ಜರಡಿ. ಕಳವಾದ ಎರಡನೆಯ ದಿನ, ಸಂಜೆ ನಾಲ್ಕು ಹನ್ನೆರಡಕ್ಕೆ, ಅದನ್ನು ‘ಯಶಸ್ವಿ’ ಎಂದು ತಿದ್ದಿದ್ದು ಓಕೆ ಸಾಹೇಬರ ಸ್ವಂತ ಪಾಸ್‌ವರ್ಡು.

ಅವಳು ಆ ಸಾಲನ್ನು ಏಳು ಸಲ ಓದಿದಳು. ನಂತರ ಎದ್ದು ಯಜಮಾನಿಯ ಕೋಣೆಗೆ ಹೋದಳು.

"ಇದನ್ನ ಹೊರಗೆ ತಗೊಂಡು ಹೋಗಬಹುದಾ?"

"ಕಪಾಟು ಪಾಸಾದ್ರೆ ವರದಿ ಜೊತೆ ಎಲ್ಲರಿಗೂ ತಾನೇ ಹೋಗುತ್ತೆ. ಫೇಲಾದ್ರೆ ನಿನ್ನ ಗಂಡನಿಗೂ ಹೇಳೋ ಹಾಗಿಲ್ಲ."

ಜರಡಿ ಮರಳಿ ಬಂದು ಕುರ್ಚಿಯಲ್ಲಿ ಕುಸಿದಳು. ಸಾಹೇಬರ ಮಾನ ಹರಾಜಾಗಬೇಕಾದರೆ ಸಾಹೇಬರ ಕಪಾಟು ಗೆಲ್ಲಬೇಕು! ಶತ್ರುವನ್ನು ಕೆಡವಲು ಮೊದಲು ಅವನ ಕಾಲು ಗಟ್ಟಿ ಮಾಡಬೇಕಾದ ಪೈಲ್ವಾನನ ಪಾಡು. ಮುಗಿಯಲು ಒಂಬತ್ತು ದಿನ ಉಳಿದಿತ್ತು.

ನಾಲ್ಕನೆಯ ತೇಪೆ ಬಂದದ್ದು ಎಂಬತ್ತೊಂಬತ್ತನೆಯ ದಿನ. ತಂತಿ ಕಿತ್ತಳು, ತೆರೆಯಲಿಲ್ಲ. ಉತ್ತರ ತಡಮಾಡಿಸಿದಳು, ತೆರೆಯಲಿಲ್ಲ. ಮೇಲಿನದೂ ಕೆಳಗಿನದೂ ಭದ್ರ. ತೊಂಬತ್ತನೆಯ ದಿನ ಬೆಳಿಗ್ಗೆ, ಸುಮ್ಮನಿರಲಾರದೆ, ವಿದ್ಯುತ್ತನ್ನೇ ಆರಿಸಿ ಮತ್ತೆ ಹೊತ್ತಿಸಿ, ಕಪಾಟು ಇನ್ನೂ ಕಣ್ಣುಜ್ಜಿಕೊಳ್ಳುವಾಗಲೇ ಕಾರ್ಡು ಹಿಡಿದಳು. ಒಂಬತ್ತು ಸಲ ಏನೂ ಆಗಲಿಲ್ಲ. ಹತ್ತನೆಯ ಸಲ ಕೆಳಗಿನ ಖಾನೆ ಟಕ್ ಎಂದಿತು.

ನಾಲ್ಕನೆಯವನು ತಾನೂ ಹತ್ತು ಸಲ ಮಾಡಿದ. "ನನ್ನ ಕೈಗೆ ಒಂದ್ಸಲವೂ ತೆರೀಲಿಲ್ಲ. ನೀವೇ ಹೇಳಿ. ನೀವು ಪಾಸ್ ಅಂದ್ರೆ ನಾನೂ ಪಾಸ್."

ಐದು ಗಂಟೆಗೆ ಫೈಲಿಗೆ ಮೊಹರು. ಹತ್ತಕ್ಕೊಂದು ಸಲದ ಆ ಟಕ್ ಕೇಳಿಸಿದ್ದು ಅವಳ ಎರಡು ಕಿವಿಗೆ ಮಾತ್ರ. ಜರಡಿ ‘ಯಶಸ್ವಿ’ ಎಂದು ಟೈಪು ಮಾಡಿದಳು. ಎಷ್ಟು ಸುಲಭದ ಪದ! ಇದೊಂದು ಗುಂಡಿ ಒತ್ತಿದರೆ ಸಂಜೆಯೊಳಗೆ ಸಾಹೇಬರು ಮಣ್ಣುಮುಕ್ಕುತ್ತಾರೆ, ನಾದಿನಿ ಬಾಗಿಲು ತೆರೆಯುತ್ತಾಳೆ. ಪರದೆಯ ಮೇಲೆ ಆ ಪದವನ್ನೂ ಅದರ ಕೆಳಗಿದ್ದ ತನ್ನ ಸಂಖ್ಯೆಯನ್ನೂ ನೋಡುತ್ತ ಕೂತಳು. ಕೆಳಗಿನ ಖಾನೆ ತೆರೆಯುತ್ತದೆಂದು ಗೊತ್ತಿದ್ದೂ ಪಾಸು ಎಂದವಳು ಎಂದು ಏಳು ವರ್ಷ ನಾದಿನಿ ನಂಬಿದ್ದು ಸುಳ್ಳಾಗಿತ್ತು. ಇವತ್ತು ಅವಳೇ ಅದನ್ನು ನಿಜ ಮಾಡಹೊರಟಿದ್ದಳು. ನಾಳೆ ಇನ್ಯಾವುದೋ ವಾರ್ಡಿನಲ್ಲಿ ಇನ್ಯಾರದೋ ನಾದಿನಿ ಕಳ್ಳಿಯಾಗುತ್ತಾಳೆ.

"ಥತ್, ಅವನ ಸುಳ್ಳನ್ನ ನಾನೇ ಗೆಲ್ಲಿಸಿ ಕೊಡ್ಲಾ?" ಎಂದು ಪದವನ್ನು ಅಳಿಸಿದಳು. ಒಳ್ಳೆಯತನದಿಂದ ಅಳಿಸಿದ್ದಲ್ಲ, ಶುದ್ಧ ಹಟದಿಂದ. ‘ವಿಫಲ’ ಎಂದು ಬರೆದು, ಯಾವತ್ತೂ ಎರಡು ಸಾಲಿಗಿಂತ ಹೆಚ್ಚು ಬರೆಯದವಳು ಒಂದೂವರೆ ಪುಟ ಬರೆದಳು: ತಪ್ಪು ಸಾಫ್ಟ್‌ವೇರಿನ ಎಷ್ಟನೆಯ ಸಾಲಿನಲ್ಲಿದೆ, ಅಲ್ಲಿ ಏನು ಸೇರಿಸಬೇಕು, ಸೇರಿಸಿದ ಮೇಲೆ ಹೇಗೆ ಪರೀಕ್ಷಿಸಬೇಕು. ಹನ್ನೊಂದು ಗಂಟೆಗೆ ಕಳಿಸಿದಳು.

ಐದನೆಯ ತೇಪೆ ಮೂರು ಗಂಟೆಗೆ ಬಂತು, ಸಾಹೇಬರ ಒಪ್ಪಿಗೆಯ ಸಮೇತ. ಅವರು ಓದುವವರಾಗಿದ್ದರೆ ಮೂರು ದಿನ ಹಿಡಿಯುತ್ತಿತ್ತು. ಜರಡಿಯೂ ನಾಲ್ಕನೆಯವನೂ ಸರದಿಯ ಮೇಲೆ ಇನ್ನೂರು ಸಲ ವಿದ್ಯುತ್ತು ಆರಿಸಿ ಹೊತ್ತಿಸಿದರು. ಕೆಳಗಿನ ಟೈರಿನವನು ಮೇಲೆ ಬಂದು, "ಏನ್ರೀ ಅದು ಟಪಟಪ?" ಎಂದು ಕೇಳಿ ಹೋದ. ಖಾನೆ ಒಂದು ಸಲವೂ ಕದಲಲಿಲ್ಲ. ನಾಲ್ಕು ನಲವತ್ತಕ್ಕೆ ಜರಡಿ ‘ಯಶಸ್ವಿ’ ಎಂದು ಬರೆದಳು. ಯಜಮಾನಿ ಗುಂಡಿ ಒತ್ತಿದಳು. ವರದಿ ನಲವತ್ತೊಂದು ಆಸ್ಪತ್ರೆಗಳಿಗೆ ಹೊರಟಿತು. ಲಾಗಿನ ಆ ಸಾಲು ಮೂವತ್ತೊಂದನೆಯ ಪುಟದಲ್ಲಿತ್ತು.

ಐದೂಕಾಲಿಗೆ ಫೋನು ಬಂತು. ಯಜಮಾನಿ ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು.

"ಪಾಸಾಯ್ತಂತೆ ಮೇಡಂ! ತುಂಬಾ ಥ್ಯಾಂಕ್ಸ್. ನಿಮ್ಮ ಆರನೆಯವರಿಗೆ ಸ್ಪೆಷಲ್ ಥ್ಯಾಂಕ್ಸ್. ಒಂದೂವರೆ ಪುಟ ಬರೆದಿದ್ದರಂತೆ, ಎಂಥಾ ಮನಸ್ಸು!"

"ವರದಿ ಓದಿದ್ರಾ ಸಾರ್?"

"ಓಕೆ ಓಕೆ, ಓದ್ತೀನಿ, ನಿಧಾನಕ್ಕೆ ಓದ್ತೀನಿ."

ಜರಡಿ ಫೋನಿನತ್ತ ಬಾಗಿದಳು. "ಮೂವತ್ತೊಂದನೇ ಪುಟ ಈಗಲೇ ಓದಿ ಸಾರ್. ಆಸ್ಪತ್ರೇಲಿ ತಂತಿ ಯಾರು ಕೀಳ್ತಾರೆ ಅಂತ ಕೇಳಿದ್ರಲ್ಲ, ನಾನು ಕಿತ್ತೆ."

ಆ ಕಡೆಯಿಂದ ಕಾಗದ ತಿರುವುವ ಸದ್ದು ಕೇಳಿಸಿತು. ಏಳು ವರ್ಷದಲ್ಲಿ ಅವಳ ಕಿವಿಗೆ ಬಿದ್ದ ಸಂಗೀತ ಅದೊಂದೇ. ಫೋನು ಕಟ್ಟಾಯಿತು.

ಮರುದಿನ ಅವಳು ಆ ಪುಟ ಹಿಡಿದು ಕನ್ನಡಕದ ಅಂಗಡಿಗೆ ಹೋದಳು. ನಾದಿನಿ ಈಗ ಅಲ್ಲಿ ಬಂದವರಿಗೆ ದೂರದ ಅಕ್ಷರ ಓದಿಸುತ್ತಾಳೆ. ಅತ್ತಿಗೆಯನ್ನು ಕಂಡು ಮುಖ ತಿರುಗಿಸಿದಳು. ಜರಡಿ ಕಾಗದವನ್ನು ಗಾಜಿನ ಮೇಜಿನ ಮೇಲಿಟ್ಟು ಬೆರಳು ತೋರಿಸಿದಳು. ನಾದಿನಿ ಓದಿದಳು. ಮತ್ತೆ ಓದಿದಳು.

"ಅವನು ಎಲ್ಲಿದ್ದಾನೆ ಈಗ?"

"ಬೆಳಿಗ್ಗೆ ರಜೆ ಮೇಲೆ ಕಳಿಸಿದಾರಂತೆ, ತನಿಖೆ ಮುಗಿಯೋವರೆಗೆ."

"ರಜೆ! ನನ್ನ ಕಳಿಸಿದಾಗ ಅದಕ್ಕೆ ಯಾರೂ ಅಷ್ಟು ಚಂದದ ಹೆಸರಿಡಲಿಲ್ಲ." ಕಾಗದವನ್ನು ಮಡಿಸದೆ ಎತ್ತಿಕೊಂಡಳು. "ವಿಚಾರಣೆಗೆ ಕೂತಿದ್ರಲ್ಲ ಮೂರು ಜನ, ಅವರು?"

"ಇಬ್ಬರು ಅದೇ ಆಸ್ಪತ್ರೇಲಿದ್ದಾರೆ. ಒಬ್ಬ ನಿವೃತ್ತ, ಮನೇಲಿದ್ದಾನೆ."

ನಾದಿನಿ ಅಂಗಡಿಯ ಯಜಮಾನನಿಗೆ ಅರ್ಧ ದಿನ ರಜೆ ಎಂದಳು. ಕೇಳಲಿಲ್ಲ, ಹೇಳಿದಳು. ಕೈಚೀಲ ಹೆಗಲಿಗೆ ಹಾಕಿ ಬೀದಿಗಿಳಿದ ಮೇಲೆ, ಅತ್ತಿಗೆಯ ಮುಖ ನೋಡದೆ ಅಂದಳು:

"ನಿನ್ನ ನಂಬಬೇಕಿತ್ತು."

"ಹೂಂ, ಬೇಕಿತ್ತು."

"ಅದಕ್ಕೆ ಆಮೇಲೆ ಜಗಳ ಆಡೋಣ. ಮೊದಲು ನಿವೃತ್ತನ ಮನೆ. ಈ ಹೊತ್ತಿಗೆ ಊಟ ಮಾಡಿ ಮಲಗಿರ್ತಾನೆ. ನಡಿ, ಎಬ್ಬಿಸೋಣ."