ಸಮನ್ವಯ ಸಭೆಯ ಶಾಲು

ಶಾಲಿನ ಒಂದು ಮೂಲೆಗೆ ಅಂಗಡಿಯವರು ಚುಚ್ಚಿದ್ದ ಗುಂಡುಪಿನ್ನು ಹಾಗೇ ಇತ್ತು. ಅದರ ತಲೆ ಹಸಿರು. ವೇದಿಕೆಯ ಮೇಲಿದ್ದವರು ಯಾರೂ ಅದನ್ನು ನೋಡಲಿಲ್ಲ.

ಶಾಲು ಹೊದಿಸಿದ್ದು ಹದಿನೈದು ವರ್ಷದ ಒಬ್ಬ ಹುಡುಗಿಗೆ. ತಾಯಿ ತೀರಿಕೊಂಡ ಮೇಲೆ ಅವಳಿಗೆ ಮೂರ್ಛೆ ಬರತೊಡಗಿತ್ತು. ಜೊತೆಗೆ ತನ್ನ ಕೈಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದಳು. ಮಸ್ಕಿಯಲ್ಲಿ ಅವಳಿದ್ದ ಹಾಸ್ಟೆಲಿನವರು ಅವಳ ಟ್ರಂಕಿನಿಂದ ಕೈವಾರ, ಹೇರ್‌ಪಿನ್ನು ಎಲ್ಲವನ್ನೂ ತೆಗೆದಿಟ್ಟುಕೊಂಡರು. ಆಮೇಲೆ ಅವಳನ್ನೇ ಹೊರಗೆ ಹಾಕಿದರು. ಆರಾಮಾಗುವತನಕ ಮನೆಯಲ್ಲಿರಲಿ ಎಂದು ಸಂತೆಕಲ್ಲೂರಿಗೆ ಕಳಿಸಿದರು. ಮನೆಯಲ್ಲಿ ಸೋದರಮಾವನ ಜೊತೆ ಮದುವೆಯ ಮಾತು ನಡೆದಿತ್ತು.

ನಾನು ಸಿಂಧನೂರಿನಲ್ಲಿ ಇಂಥ ಮಕ್ಕಳ ಆಪ್ತಸಮಾಲೋಚಕಿ. ಹಲವು ತೊಂದರೆಗಳು ಒಟ್ಟಿಗೆ ಇರುವ ಮಗುವಿಗಾಗಿ ಎಲ್ಲ ಇಲಾಖೆಯವರೂ ಒಟ್ಟಿಗೆ ಕೂರಬೇಕು ಎಂದು ನಮಗೆ ವಿಶ್ವವಿದ್ಯಾಲಯದಲ್ಲಿ ಕಲಿಸಿದ್ದರು. ಕೂರುತ್ತಾರೆ, ಇಲ್ಲವೆನ್ನಲಾರೆ. ಕೂತಲ್ಲಿಂದ ಏಳುವುದೇ ಕಷ್ಟ.

ಲಿಂಗಸೂಗೂರಿನ ಡಾಕ್ಟರು ಮೂರ್ಛೆಗೆ ಗುಳಿಗೆ ಕೊಟ್ಟರು. ಹೊತ್ತಿಗೆ ಸರಿಯಾಗಿ ನುಂಗಿಸಿ, ಒಂಟಿಯಾಗಿ ಮಲಗಿಸದಿದ್ದರೆ ಹಾಸ್ಟೆಲಿನಲ್ಲೇ ಇರಬಹುದು ಎಂದರು. ಕೈಯ ಗಾಯದ ಮಾತು ಬಂದಾಗ, ಅದು ತಮ್ಮ ವಿಭಾಗವಲ್ಲ ಎಂದರು. ಮದುವೆ ತಡೆಯಬೇಕಾದ ಕಚೇರಿಯವರು ಮುಹೂರ್ತ ಗೊತ್ತಾದ ಮೇಲೆ ಬರಲು ಹೇಳಿದರು. ಈಗ ಬರೀ ಮಾತುಕತೆಯಲ್ಲವೇ. ಪ್ರತಿ ಬಾಗಿಲಲ್ಲೂ ಹುಡುಗಿ ತಾಯಿ ಸತ್ತಲ್ಲಿಂದ ಶುರುಮಾಡಬೇಕಾಯಿತು. ಒಬ್ಬ ಅಧಿಕಾರಿ ಅದನ್ನು ಕೇಳುತ್ತಲೇ ಮೊಬೈಲಿನಲ್ಲಿ ಯಾರಿಗೋ ಹುಟ್ಟುಹಬ್ಬದ ಕೇಕಿನ ಚಿತ್ರ ಕಳಿಸುತ್ತಿದ್ದರು. ಚಿತ್ರ ಹೋಗಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋಗಿ ಫೋನನ್ನು ಮೇಲೆತ್ತಿ ಹಿಡಿದು, "ನೀ ಹೇಳವ್ವ, ಕೇಳಾಕತ್ತೀನಿ" ಎಂದರು.

ಕೊನೆಗೆ ಸಿಂಧನೂರಿನಲ್ಲಿ ಸಮನ್ವಯ ಸಭೆ ಎಂಬುದು ನಡೆಯಿತು. ಅಲ್ಲಿ ತೀರ್ಮಾನವಾಗಬೇಕಿದ್ದುದು ಇಷ್ಟೇ: ಹಾಸ್ಟೆಲಿನಲ್ಲಿ ಅವಳ ಮಂಚ ಅವಳಿಗೆ ತಿರುಗಿ ಸಿಗುತ್ತದೋ ಇಲ್ಲವೋ. ಅವಳ ಅಪ್ಪ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ನನಗೆ ಹೇಳಿದ್ದ: "ಹಾಸ್ಟೆಲ್‌ನ್ಯಾಗ ಇಟ್ಕೊಂಡ್ರ ನನಗೇನ್ ತಕರಾರಿಲ್ರೀ ಮೇಡಂ. ಇಲ್ಲಾಂದ್ರ ನಾ ಕೂಲಿಗಿ ಹೋದಾಗ ಈಕಿನ್ನ ಯಾರ್ ನೋಡ್ತಾರ್ರೀ? ಲಗ್ನ ಆದ್ರ ಈಕಿ ಮಾವ ನೋಡ್ಕೊಂತಾನ." ಹುಡುಗಿ ನೆಲ ನೋಡುತ್ತಿದ್ದಳು. ಅವಳು ಬರುವಾಗ ನನ್ನಿಂದ ಮಾತು ತೆಗೆದುಕೊಂಡಿದ್ದಳು, ಶಾಲೆಯ ಯಾರಿಗೂ ತನ್ನ ವಿಷಯ ಗೊತ್ತಾಗಬಾರದು ಎಂದು.

ಒಂದು ಮೇಜು, ನಾಲ್ಕಾರು ಕುರ್ಚಿ ಇರುತ್ತವೆ ಎಂದುಕೊಂಡಿದ್ದೆ. ಒಳಗೆ ಬ್ಯಾನರು, ಮೈಕು, ಮುಂದಿನ ಸಾಲಿನ ಕುರ್ಚಿಗಳಿಗೆ ಬಿಳಿ ಬಟ್ಟೆ. ದೀಪ ಬೆಳಗಲೆಂದು ಫ್ಯಾನು ನಿಲ್ಲಿಸಿದರು. ಮತ್ತೆ ಹಾಕಲು ಯಾರಿಗೂ ನೆನಪಾಗಲಿಲ್ಲ. ಮುಖ್ಯ ಅತಿಥಿಯಾಗಿ ಬಂದಿದ್ದ ಸಾಹೇಬರು ಬೆವರು ಒರೆಸಿಕೊಳ್ಳುತ್ತಾ ಮಾತಾಡಿದರು: "ನಮ್ ಕಾಲದಾಗ ಮನಸ್ಸಿನ ಜಡ್ಡು ಅಂಬೋದು ಇದ್ದಿಲ್ಲ. ಯಾಕಂದ್ರ ನಮಗ ಪುರುಸೊತ್ತಾ ಇದ್ದಿಲ್ಲ." ಸಭೆ ನಕ್ಕು ಚಪ್ಪಾಳೆ ತಟ್ಟಿತು. ಹಾಸ್ಟೆಲಿನ ವಾರ್ಡನ್ ಎಲ್ಲರಿಗಿಂತ ಜೋರಾಗಿ ತಟ್ಟಿದರು.

ನಾನು ಎದ್ದು ಹಾಸ್ಟೆಲಿನ ಮಾತು ತೆಗೆದೆ. ಸಾಹೇಬರು ವಾರ್ಡನ್ ಕಡೆ ನೋಡಿದರು. ವಾರ್ಡನ್ ಬ್ಯಾನರಿನ ಕಡೆ ನೋಡಿದರು.

"ನೋಡೂಣ ತಗೋರಿ. ಮೊದ್ಲ ಸನ್ಮಾನ ಮುಗೀಲಿ," ಎಂದರು ಸಾಹೇಬರು.

ಸನ್ಮಾನ ಯಾರಿಗೆಂದು ಆಗ ತಿಳಿಯಿತು. ಕಷ್ಟಗಳಿಗೆ ಎದೆಗುಂದದ ಬಾಲಕಿ ಎಂದು ನಿರೂಪಕರು ಮೈಕಿನಲ್ಲಿ ಕೂಗಿದರು. ಹುಡುಗಿ ನನ್ನ ಕಡೆ ಬಾಗಿದಳು.

"ಅಕ್ಕಾ, ಶಾಲು ಹೊದಿಸ್ಕೊಂಡ್ರ ಹಾಸ್ಟೆಲಿಗೆ ಕರಕೊಂತಾರೇನ್ರೀ?"

"ನನಗ ಗೊತ್ತಿಲ್ಲ."

"ಇವ್ರಿಗಾರ ಗೊತ್ತೈತೇನ್ರೀ?"

"ನಿನಗ ಬ್ಯಾಡಂದ್ರ ಬಿಡು. ನಾ ಹೋಗಿ ಹೇಳ್ತೀನಿ."

"ಇರ್ಲಿ ಬಿಡ್ರೀ. ಹೋಗ್ತೀನಿ."

ಹೋದಳು. ಸಾಹೇಬರು ಶಾಲನ್ನು ಹೆಗಲಿಗೆ ಹಾಕಿದ ಕೂಡಲೇ ಅವಳು ಅದನ್ನು ತಲೆಯ ಮೇಲೆ ಎಳೆದುಕೊಂಡು, ಮುಖ ಮುಚ್ಚುವಂತೆ ಗದ್ದದವರೆಗೂ ಇಳಿಸಿಬಿಟ್ಟಳು.

"ಮಾರಿ ತೆಗಿಯವ್ವ!" ಎಂದ ಫೋಟೋದವನು.

"ಥಂಡಿ ಹತ್ತೈತ್ರೀ," ಎಂದಳು ಒಳಗಿನಿಂದ, ಆ ಫ್ಯಾನಿಲ್ಲದ ಕೋಣೆಯಲ್ಲಿ.

ವಾರ್ಡನ್ ಓಡಿ ಬಂದು ಅವಳ ಹೆಗಲ ಮೇಲೆ ಕೈ ಹಾಕಿ ಕ್ಯಾಮೆರಾಕ್ಕೆ ನಕ್ಕರು. ಮೈಕು ಹತ್ತಿರವಿದ್ದುದರಿಂದ ಸುಮ್ಮನಿರಲಾಗಲಿಲ್ಲವೇನೋ. "ಈಕಿ ನಮ್ಮ ಹಾಸ್ಟೆಲಿನ ಹೆಮ್ಮೆ!" ಎಂದರು. ಸಾಹೇಬರೂ ಸೇರಿಸಿದರು: "ಇವಳ ಜವಾಬ್ದಾರಿ ನಮ್ಮೆಲ್ಲರದು." ಮತ್ತೆ ಚಪ್ಪಾಳೆ. ಅಷ್ಟರಲ್ಲಿ ಊಟ ಬಂತು. ಅಲ್ಲಿಗೆ ಸಮನ್ವಯ ಮುಗಿಯಿತು.

ಕೆಳಗಿಳಿದ ಹುಡುಗಿ ಶಾಲು ಮಡಿಸುವಾಗ ಪಿನ್ನು ಅವಳಿಗೇ ಸಿಕ್ಕಿತು. ಒಂದು ಕ್ಷಣ ಅದನ್ನು ಬೆರಳ ತುದಿಯಲ್ಲಿ ಹಿಡಿದಳು. ಆಮೇಲೆ ಅದನ್ನು ನನ್ನ ಅಂಗೈಯಲ್ಲಿಟ್ಟಳು.

"ನನ್ನ ಹೇರ್‌ಪಿನ್ ಕಸ್ಕೊಂಡೋರು ಇದನ್ನ ಮರ್ತಾರ ನೋಡ್ರೀ ಅಕ್ಕಾ."

ಮಂಚದ ವಿಷಯ ಕೇಳಲು ನಾನು ವಾರ್ಡನ್ ಹತ್ತಿರ ಹೋದೆ. ಅವರ ತಟ್ಟೆಯಲ್ಲಿ ಎರಡನೆಯ ಜಿಲೇಬಿ ಇತ್ತು. "ಮುಂದಿನ ಮೀಟಿಂಗ್‌ದಾಗ ಇಡೂಣ್ರೀ," ಎಂದರು. ಮುಂದಿನ ಸಭೆಯ ಹೊತ್ತಿಗೆ ಮದುವೆ ಆಗಿಹೋಗಿರುತ್ತದೆ ಎಂದೆ. "ಹಂಗಾದ್ರ ನಮಗೂ ತಿಳಿಸ್ರಿ," ಎಂದರು. ಸಂಜೆಗೆ ಫೋಟೋಗಳು ಇಲಾಖೆಗಳ ವಾಟ್ಸಾಪ್ ಗ್ರೂಪಿಗೆ ಬಂದವು. ಶಾಲಿನೊಳಗಿನ ಹುಡುಗಿಯನ್ನು ಯಾರೂ ಗುರುತಿಸುವಂತಿರಲಿಲ್ಲ. ವಾರ್ಡನ್ ನಗು ಮಾತ್ರ ಸ್ಪಷ್ಟವಾಗಿತ್ತು. ಕೆಳಗೆ ಸಾಲಾಗಿ ಹೆಬ್ಬೆರಳುಗಳು. ಈ ಜನ ತಾವು ಆಡಿದ ಮಾತಿಗೆ ನಾಚುವವರಲ್ಲ. ಆದರೆ ಮೇಲಿನವರ ಎದುರಿಗೆ ಆಡಿದ್ದಕ್ಕೆ ಅಂಜುತ್ತಾರೆ. ನಾನು ಹುಡುಗಿಯ ಅಪ್ಪನಿಗೆ ಫೋನ್ ಮಾಡಿ, ಟ್ರಂಕು ಸಮೇತ ಮಸ್ಕಿಗೆ ಬಾ ಎಂದೆ.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಮಸ್ಕಿಗೆ ಹೋದೆ. ಅಪ್ಪ, ಮಗಳು ಆಟೋದಲ್ಲಿ ಬಂದು ಹಾಸ್ಟೆಲಿನ ಗೇಟಿನ ಹತ್ತಿರ ಕಾಯುತ್ತಿದ್ದರು. ಹುಡುಗಿ ಶಾಲು ಹೊದ್ದಿದ್ದಳು. ನಾನು ಹೇಳಿರಲಿಲ್ಲ.

ವಾರ್ಡನ್ ಗೇಟಿನ ಒಳಗಿನಿಂದಲೇ, "ಏನ್ರೀ ಇದು? ಆರ್ಡರ್ ಎಲ್ಲೈತಿ?" ಎಂದರು.

"ನಿನ್ನಿ ಮೈಕ್‌ನ್ಯಾಗ ಹಾಸ್ಟೆಲಿನ ಹೆಮ್ಮೆ ಅಂದ್ರಲ್ರೀ. ಹೆಮ್ಮೆ ಗೇಟಿನ ಹೊರಗ ನಿಂತೈತಿ ಅಂತ ಸಾಹೇಬ್ರಿಗೆ ಫೋನ್ ಹಚ್ಲೇನ್ರೀ?"

ಅವರು ನನ್ನನ್ನು ನೋಡಿದರು, ಶಾಲನ್ನು ನೋಡಿದರು, ಗೇಟು ತೆಗೆದರು. ಮಂಚವನ್ನು ಇಬ್ಬರು ದೊಡ್ಡ ಹುಡುಗಿಯರ ನಡುವೆ ಹಾಕಿಸಿದೆ. ಗುಳಿಗೆಗಳನ್ನು ವಾರ್ಡನ್ ಕೈಗೆ ಕೊಟ್ಟು, ಯಾವುದನ್ನು ಯಾವಾಗ ಕೊಡಬೇಕೆಂದು ಹುಡುಗಿಯ ಎದುರಿಗೇ ಅವರ ಬಾಯಿಂದ ಹೇಳಿಸಿದೆ. ತಪ್ಪಿದರು. ಮತ್ತೆ ಹೇಳಿಸಿದೆ.