ಬೀಳುವುದನ್ನು ಕಲಿಸುವ ಉಸ್ತಾದ
ಕನಕಗಿರಿಯ ಗರಡಿಮನೆಗೆ ಕುಸ್ತಿ ಕಲಿಯಲು ಬಂದವರಿಗೆ ಗೋಣೆಪ್ಪ ಉಸ್ತಾದರು ಮೊದಲು ಕಲಿಸುವುದೇ ಬೀಳುವುದನ್ನು. ಕೆಮ್ಮಣ್ಣಿನಲ್ಲಿ ದೊಪ್ಪನೆ ಬಿದ್ದವನಿಗೆ "ಛಲೋ ಬಿದ್ದಿ, ಇನ್ನೊಮ್ಮಿ ಬೀಳು" ಎನ್ನುತ್ತಾರೆ. ಮುಖ ಗಂಟಿಕ್ಕಿಕೊಂಡು ಎದ್ದರೆ ಬಿದ್ದದ್ದು ಲೆಕ್ಕಕ್ಕಿಲ್ಲ, ನಗುತ್ತ ಏಳುವವರೆಗೂ ಬೀಳುತ್ತಲೇ ಇರಬೇಕು. "ಪಟ್ಟು ಯಾವಾಗ ಕಲಸ್ತೀರಿ?" ಎಂದವರಿಗೆ, "ಮೊದಲ ಮೈಯಾಗಿನ ಅಂಜಿಕಿ ಬೀಳ್ಲಿ, ತಡಿ" ಎಂಬ ಉತ್ತರ. ಇವರ ಶಿಷ್ಯರು ಬೈಕಿನಿಂದ ಬಿದ್ದರೂ ಎದ್ದು ಇನ್ನೊಮ್ಮೆ ಬೀಳಲು ಹೋಗುತ್ತಾರೆಂದು ಊರವರ ತಮಾಷೆ. ಬೇರೆ ಗರಡಿಗಳ ಗೋಡೆ ತುಂಬ ಗದೆ ಹೊತ್ತ ಪೈಲ್ವಾನರ ಫೋಟೋಗಳಿದ್ದರೆ, ಇಲ್ಲಿರುವುದು ಒಂದೇ: ಹರೆಯದ ಉಸ್ತಾದರು ಅಂಗಾತ ಬಿದ್ದಿದ್ದಾರೆ, ಎದೆಯ ಮೇಲೊಬ್ಬ ಕೂತಿದ್ದಾನೆ. "ಗೆದ್ದಾಂವ ಯಾರ್ರಿ?" ಎಂದು ನಾನೊಮ್ಮೆ ಕೇಳಿದೆ. ಉಸ್ತಾದರು ಮೀಸೆಯಲ್ಲೇ ನಕ್ಕರು: "ಅವನ ಹೆಸರ ಮರತೀನ್ರಿ. ಮರುದಿನ ನಸುಕಿನ್ಯಾಗ ಈ ಗರಡಿ ಬಾಗಲಾ ತಗದಾಂವ ಮಾತ್ರ ನಾನ."